ವಿನ್ಯಾಸ ತಂತ್ರಾಂಶ ಮತ್ತು ಲಿನಕ್ಸ್: ಕನ್ನಡ ಶಾಲೆಯ ದೃಷ್ಟಿಯಿಂದ

ಕೋಸಗಿಯಲ್ಲಿ ನಡೆದ ಒಂದು ತರಬೇತಿಗೆ ಶಿಕ್ಷಕಿಯೊಬ್ಬರು ತಾವು ಸಿದ್ಧಪಡಿಸಿದ ಐದನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ಅಲ್ಲಿನ ಗಣಕಯಂತ್ರದಲ್ಲಿ ಲಿನಕ್ಸ್ ಇತ್ತು. ಕಡತವನ್ನು ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಅರ್ಥವಾಗದ ಚಿಹ್ನೆಗಳೂ ಕಾಣಿಸಿದವು. “ಸರ್, ನಾವು ಬಳಸುವ ವಿನ್ಯಾಸ ತಂತ್ರಾಂಶಗಳನ್ನು ಲಿನಕ್ಸ್‌ಗೂ ಮಾಡಿಕೊಟ್ಟರೆ ಈ ತೊಂದರೆ ತಪ್ಪುತ್ತದಲ್ಲವೇ?” ಎಂದು ಅವರು ಕೇಳಿದರು. ಪ್ರಶ್ನೆ ಸಹಜವಾದುದೇ. ಆದರೆ ಅದರಲ್ಲಿ ತಂತ್ರಾಂಶದ ಪ್ರಶ್ನೆ ಮತ್ತು ಲಿಪಿಯ ಪ್ರಶ್ನೆ ಎರಡೂ ಬೆರೆತಿವೆ. ಇವನ್ನು ಬಿಡಿಸಿ ನೋಡುವುದು ಅಗತ್ಯ.

ಪೋರ್ಟಿಂಗ್ ಎಂದರೇನು?

ಒಂದು ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದ ತಂತ್ರಾಂಶವನ್ನು ಇನ್ನೊಂದರಲ್ಲಿ ನಡೆಯುವಂತೆ ಮಾರ್ಪಡಿಸುವುದನ್ನು ಪೋರ್ಟಿಂಗ್ ಎನ್ನುತ್ತಾರೆ. ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸುವುದು, ಬಣ್ಣವನ್ನು ಹೊಂದಿಸುವುದು, ಮುದ್ರಣಯಂತ್ರಕ್ಕೆ ಆದೇಶ ನೀಡುವುದು ಮುಂತಾದ ಕೆಲಸಗಳಿಗೆ ತಂತ್ರಾಂಶವು ವ್ಯವಸ್ಥೆಯನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಇದು ಶ್ರಮದ, ವೆಚ್ಚದ ಕೆಲಸ.

ಈ ಪ್ರಯತ್ನ ಹಿಂದೆಯೂ ನಡೆದಿದೆ. ನಮ್ಮ ಊರುಗಳ ಫ್ಲೆಕ್ಸ್ ಅಂಗಡಿಗಳಲ್ಲಿ ಚಿರಪರಿಚಿತವಾದ ಕೋರೆಲ್ ಡ್ರಾ ತಂತ್ರಾಂಶದ ಒಂಬತ್ತನೆಯ ಆವೃತ್ತಿ 2000ದಲ್ಲಿ ಲಿನಕ್ಸ್‌ಗೂ ಬಂದಿತ್ತು, ಆದರೆ ಮುಂದುವರಿಯಲಿಲ್ಲ. ಅದೇ ಕಾಲದಲ್ಲಿ ಅಡೋಬಿ ಸಂಸ್ಥೆಯ ಫ್ರೇಮ್‌ಮೇಕರ್ ತಂತ್ರಾಂಶದ ಲಿನಕ್ಸ್ ರೂಪವು ಪರೀಕ್ಷಾರ್ಥ ಹಂತದಲ್ಲಿಯೇ ನಿಂತಿತು. ಮತ್ತೊಂದೆಡೆ, ಚಲನಚಿತ್ರೋದ್ಯಮ ಬಳಸುವ ಮಾಯಾ, ಡಾವಿಂಚಿ ರಿಸಾಲ್ವ್ ಮೊದಲಾದ ವಾಣಿಜ್ಯ ತಂತ್ರಾಂಶಗಳು ಇಂದಿಗೂ ಲಿನಕ್ಸ್‌ನಲ್ಲಿ ದೊರೆಯುತ್ತವೆ. ಕಾರ್ಯ ಅಸಾಧ್ಯವಲ್ಲ, ಕೊಳ್ಳುವವರು ಇದ್ದಲ್ಲಿ ಮಾತ್ರ ಅದು ನಡೆಯುತ್ತದೆ ಎಂಬುದು ಇದರಿಂದ ಸ್ಪಷ್ಟ.

ಲಿಪಿಯ ಪ್ರಶ್ನೆ

ಆ ಶಿಕ್ಷಕಿಯ ಕಡತ ಕೆಟ್ಟದ್ದು ಲಿನಕ್ಸ್‌ನಿಂದಲ್ಲ. ಅದು ಹಳೆಯ ‘ಆಸ್ಕಿ’ ಮಾದರಿಯ ಫಾಂಟಿನಲ್ಲಿತ್ತು. ಇಂತಹ ಫಾಂಟಿನಲ್ಲಿ ಇಂಗ್ಲಿಷಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಹಳೆಯ ನುಡಿ ಫಾಂಟುಗಳಲ್ಲಿ ‘ಪಿ’ ಎಂಬ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ತಲೆಕಟ್ಟಿಲ್ಲದ ‘ಕ’ಕಾರವಿದೆ, ತಲೆಕಟ್ಟಿಗೆ ಬೇರೊಂದು ಚಿಹ್ನೆಯಿದೆ. ಕಣ್ಣಿಗೆ ಕನ್ನಡ ಕಂಡರೂ ಯಂತ್ರದೊಳಗೆ ಇರುವುದು ಕನ್ನಡವಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ, ಅದು ವಿಂಡೋಸ್ ಆಗಿದ್ದರೂ, ಪಾಠ ಕೆಡುತ್ತದೆ.

ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನವಿದೆ. ‘ಕ’ ಎಲ್ಲೆಡೆಯೂ ‘ಕ’ವೇ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಕೆಲಸ ಫಾಂಟಿನದು ಮತ್ತು ತಂತ್ರಾಂಶದ್ದು. 2001ರ ಪೇಜ್‌ಮೇಕರ್ 7 ಯೂನಿಕೋಡನ್ನು ಅರಿಯದು. ಅದನ್ನು ಹಾಗೆಯೇ ಲಿನಕ್ಸ್‌ಗೆ ತಂದರೆ ನಮ್ಮ ತೊಡಕೂ ಅದರೊಡನೆ ಬರುತ್ತದೆ.

ಕಾಸರಗೋಡಿನ ನಿದರ್ಶನ

ಕೇರಳದಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾಯಿತು. ಇಂದು ಅದು ‘ಕೈಟ್’ ಎಂಬ ಸಂಸ್ಥೆಯಾಗಿದೆ. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ನಡೆಯುವುದು ಲಿನಕ್ಸ್‌ನಲ್ಲಿ. ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರಾದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಚಿತ್ರ ತಿದ್ದಲು ಗಿಂಪ್, ರೇಖಾವಿನ್ಯಾಸಕ್ಕೆ ಇಂಕ್‌ಸ್ಕೇಪ್ ಕಲಿಯುತ್ತಾರೆ. ಇವು ಉಚಿತವಾದ್ದರಿಂದ ಶಾಲೆಯಲ್ಲಿ ಕಲಿತದ್ದನ್ನು ಮಗು ಮನೆಯಲ್ಲಿಯೂ ಪರವಾನಗಿಯ ಚಿಂತೆಯಿಲ್ಲದೆ ಅಭ್ಯಾಸ ಮಾಡಬಹುದು.

ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಹಿಂದೆ ಅದರಲ್ಲಿ ಕನ್ನಡದ ಒತ್ತಕ್ಷರಗಳು ಕೂಡುತ್ತಿರಲಿಲ್ಲ. 2024ರಲ್ಲಿ ಬಂದ 1.6ನೆಯ ಆವೃತ್ತಿಯಲ್ಲಿ ಆ ಕೊರತೆ ನೀಗಿದೆ. ಆದರೂ ಇವುಗಳಿಗೆ ಮಿತಿಗಳಿವೆ. ವರ್ಣಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆಯಲ್ಲಿ ಇಂಕ್‌ಸ್ಕೇಪ್ ಸಮರ್ಥವಲ್ಲ. ಮುದ್ರಣಾಲಯದವರು ಕೋರೆಲ್ ಡ್ರಾ ಕಡತವನ್ನೇ ಕೇಳುವುದೂ ಉಂಟು.

ನಮ್ಮ ನಿಲುವು

ಆದುದರಿಂದ, ವಾಣಿಜ್ಯ ತಂತ್ರಾಂಶಗಳು ಲಿನಕ್ಸ್‌ಗೆ ಬಂದರೆ ಮುದ್ರಣವನ್ನೇ ವೃತ್ತಿಯಾಗಿಸಿಕೊಂಡವರಿಗೆ ಪ್ರಯೋಜನವಿದೆ, ಬರಲಿ. ಆದರೆ ಕೆಲವೇ ಗಣಕಯಂತ್ರಗಳಿರುವ ಕನ್ನಡ ಶಾಲೆಯು ಅದಕ್ಕಾಗಿ ಕಾಯಬೇಕಾಗಿಲ್ಲ. ವರ್ಷವರ್ಷವೂ ಶುಲ್ಕ ಕಟ್ಟುವ ಶಕ್ತಿ ನಮಗಿಲ್ಲ. ನಮ್ಮ ಪಾಠ ಹತ್ತು ವರ್ಷಗಳ ಬಳಿಕವೂ ತೆರೆದುಕೊಳ್ಳಬೇಕು ಎಂಬುದೇ ನಮಗೆ ಮುಖ್ಯ. ಗಡಿನಾಡಿನಲ್ಲಿ ಕನ್ನಡದ ಕಲಿಕಾ ಸಾಮಗ್ರಿ ವಿರಳ. ಇರುವುದೂ ಓದಲಾಗದಂತಾದರೆ ನಷ್ಟ ಮಕ್ಕಳದೇ.

ಶಿಕ್ಷಕರು ಕೈಗೊಳ್ಳಬೇಕಾದ ಕ್ರಮಗಳು

1. ಹೊಸ ಪ್ರಶ್ನೆಪತ್ರಿಕೆ, ಅಭ್ಯಾಸಪತ್ರಗಳನ್ನು ಯೂನಿಕೋಡ್‌ನಲ್ಲಿಯೇ ಸಿದ್ಧಪಡಿಸಿರಿ. ನವಿಲು, ಗುಬ್ಬಿ, ಲೋಹಿತ್ ಕನ್ನಡ ಮೊದಲಾದ ಫಾಂಟುಗಳು ಲಿನಕ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತವೆ.

2. ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಿಸಿರಿ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿರಿ.

3. ಮುದ್ರಣಕ್ಕೆ ಪಿಡಿಎಫ್ ನೀಡಿರಿ. ತಿದ್ದಬಹುದಾದ ಮೂಲ ಪ್ರತಿಯನ್ನು ಶಾಲೆಯಲ್ಲಿ ಉಳಿಸಿಕೊಳ್ಳಿರಿ.

ಅಭ್ಯಾಸ: ನಿಮ್ಮ ಶಾಲೆಯ ಹಳೆಯ ಕಡತವೊಂದನ್ನು ಬೇರೊಂದು ಶಾಲೆಯ ಗಣಕಯಂತ್ರದಲ್ಲಿ ತೆರೆದು ನೋಡಿರಿ. ಅಕ್ಷರಗಳು ಓದಲು ಬರುತ್ತವೆಯೇ? ಬಾರದಿದ್ದರೆ ಕಾರಣವನ್ನು ಮೇಲಿನ ವಿವರಣೆಯ ಆಧಾರದಿಂದ ಗುರುತಿಸಿರಿ.