‘ಬರ್ಬರ’ ಎಂಬ ಪದ

‘ಬರ್ಬರ ಹತ್ಯೆ’ ಎಂಬುದು ನಮ್ಮ ಪತ್ರಿಕೆಗಳಿಗೆ ಒಗ್ಗಿಹೋದ ಶೀರ್ಷಿಕೆ. ಬರ್ಬರವಲ್ಲದ ಹತ್ಯೆಯೂ ಉಂಟೇ ಎಂದು ಕೇಳಬಹುದು. ವರದಿಗಾರನ ಅವಸರಕ್ಕೆ ಆ ಪ್ರಶ್ನೆ ನಾಟದು. ನಾಗರಿಕತೆಯ ಸೋಂಕಿಲ್ಲದ ಕ್ರೌರ್ಯ ಎಂಬುದು ಈ ಪದಕ್ಕೆ ಇಂದು ರೂಢಿಯಲ್ಲಿರುವ ಅರ್ಥ. ಆದರೆ ಅದರ ಹುಟ್ಟಿನಲ್ಲಿ ರಕ್ತದ ಕಲೆಯಿರಲಿಲ್ಲ. ಇದ್ದದ್ದು ಬರಿಯ ಸದ್ದು.

ಗ್ರೀಕರ ‘ಬಾರ್ಬರೋಸ್’ ಅನುಕರಣ ಶಬ್ದ. ತಿಳಿಯದ ಮಾತು ಅವರ ಕಿವಿಗೆ ‘ಬರ್ ಬರ್’ ಎಂದು ಕೇಳಿಸಿತು. ನಮ್ಮ ‘ಬಡಬಡಿಸು’ ಕೂಡ ಇದೇ ಜಾತಿಯದು. ಹೋಮರನ ‘ಇಲಿಯಡ್’ನಲ್ಲಿ ಕೇರಿಯನ್ ಜನರಿಗೆ ಈ ವಿಶೇಷಣ ಬಂದಿರುವುದು ಅವರ ನುಡಿಯನ್ನು ಕುರಿತು, ನಡತೆಯನ್ನಲ್ಲ. ಕ್ರಿ.ಪೂ. 5ನೆಯ ಶತಮಾನದಲ್ಲಿ ಪಾರಸಿಕರೊಡನೆ ಯುದ್ಧಗಳು ನಡೆದ ಮೇಲೆ ಪದಕ್ಕೆ ತಿರಸ್ಕಾರದ ಬಣ್ಣ ಗಾಢವಾಗಿ ಹತ್ತಿತು. ಕ್ರಿ.ಪೂ. 472ರಲ್ಲಿ ರಂಗವೇರಿದ ಈಸ್ಕಿಲಸನ ‘ಪಾರಸಿಕರು’ ನಾಟಕದಲ್ಲಂತೂ ಪಾರಸಿಕ ಪಾತ್ರಗಳೇ ತಮ್ಮನ್ನು ಬರ್ಬರರೆಂದು ಕರೆದುಕೊಳ್ಳುತ್ತವೆ! ಗೆದ್ದವರು ಸೋತವರ ಬಾಯಲ್ಲಿ ತಮ್ಮ ಪದವನ್ನು ನುಡಿಸುವ ಬಗೆ ಇದು.

ಸಂಸ್ಕೃತದ ಕಡೆಗೆ ಬಂದರೆ, ಋಗ್ವೇದ ಪ್ರಾತಿಶಾಖ್ಯದಲ್ಲಿ ‘ಬರ್ಬರತಾ’ ಎಂಬುದು ರೇಫದ ಉಚ್ಚಾರಣೆಯಲ್ಲಿ ಬರುವ ಒಂದು ದೋಷ. ‘ಮ್ಲೇಚ್ಛ’ವೂ ಮೊದಲಿಗೆ ಅಸ್ಪಷ್ಟ ಮಾತಿನವನೇ ಎಂಬುದನ್ನು ಇಲ್ಲಿ ನೆನೆಯಬೇಕು. ಮಹಾಭಾರತದಲ್ಲಿ ಬರ್ಬರರು ಒಂದು ಜನಾಂಗವಾಗಿ ಶಕ, ಯವನ, ಕಿರಾತರ ಸಾಲಿನಲ್ಲಿ ಬರುತ್ತಾರೆ. ಯವನರೆಂದರೆ ಮೂಲತಃ ಗ್ರೀಕರೇ ತಾನೆ? ಅನ್ಯರನ್ನೆಲ್ಲ ಬರ್ಬರರೆಂದವರು ಇಲ್ಲಿ ಬರ್ಬರರ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ. ಸಂಸ್ಕೃತ ಪದ ಎರವಲೋ ಸ್ವತಂತ್ರವೋ ಎಂಬ ವಿದ್ವಾಂಸರ ಚರ್ಚೆ ಇರಲಿ. ಎರಡು ನಾಡುಗಳ ಕಿವಿ ಒಂದೇ ಬಗೆಯಾಗಿತ್ತು ಎಂಬುದು ನನಗೆ ಹೆಚ್ಚಿನ ವಿಷಯ.

ಉತ್ತರ ಆಫ್ರಿಕದ ಬರ್ಬರ್ ಜನರಿಗೆ ಈ ಹೆಸರು ಹಾಗೆಯೇ ಅಂಟಿಕೊಂಡಿತು. ತಮ್ಮನ್ನು ಅವರು ಕರೆದುಕೊಳ್ಳುವುದು ಅಮಾಜಿಗ್ ಎಂದು. ಬಡಬಡಿಕೆಯೆನಿಸಿದ್ದ ಅವರ ನುಡಿ ಮೊರಾಕೊದಲ್ಲಿ 2011ರಲ್ಲಿಯೂ ಅಲ್ಜೀರಿಯದಲ್ಲಿ 2016ರಲ್ಲಿಯೂ ಅಧಿಕೃತ ಭಾಷೆಯಾಯಿತು.

ಹಾಗಾದರೆ ಪದವನ್ನು ಬಿಟ್ಟೇಬಿಡಬೇಕೆ? ಬೇಡವೆಂದು ನನ್ನ ಮತ. ‘ಕ್ರೂರ’, ‘ನಿರ್ದಯ’ ಎಂಬುವು ಮನಸ್ಸನ್ನು ಹೇಳುತ್ತವೆ. ‘ಬರ್ಬರ’ ಕೃತ್ಯದ ಒರಟುತನವನ್ನು ಕಣ್ಣಿಗೆ ತರುತ್ತದೆ. ಕೃತ್ಯಕ್ಕೆ ಸಲ್ಲುವ ಈ ವಿಶೇಷಣ ಜನಾಂಗಕ್ಕೆ ಸಲ್ಲದು. ಬರ್ಬರತೆ ಅನಾಗರಿಕರ ಸೊತ್ತೆಂಬ ಧ್ವನಿಯೂ ನಿಜವಲ್ಲ. 1942ರ ಜನವರಿ 20ರಂದು ಬರ್ಲಿನ್ನಿನ ವಾನ್ಸೇ ಬಡಾವಣೆಯ ಬಂಗಲೆಯೊಂದರಲ್ಲಿ, ಯೂರೋಪಿನ ಯೆಹೂದ್ಯರ ನಿರ್ಮೂಲನದ ಏರ್ಪಾಟಿಗಾಗಿ 15 ಮಂದಿ ಅಧಿಕಾರಿಗಳು ಸೇರಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಡಾಕ್ಟರೇಟ್ ಪಡೆದವರು. ಆ ಸಭೆಯ ನಡಾವಳಿ ಅಚ್ಚುಕಟ್ಟಾದ ಕಚೇರಿಯ ಭಾಷೆಯಲ್ಲಿದೆ. ಸಾವಿನೆಡೆಗೆ ಸಾಗಿಸುವುದಕ್ಕೆ ಅಲ್ಲಿ ಬಳಸಿದ ಮಾತು ‘ಪೂರ್ವಕ್ಕೆ ಸ್ಥಳಾಂತರ’.