ನಿಧಾನದ ಬಾರ್ಬೆಕ್ಯೂ ಅಡುಗೆಯಲ್ಲಿ ಸೌದೆ ಮತ್ತು ಹೊಗೆಯ ಹದ

ಒಲೆಯ ಮೇಲೆ ಮಾಂಸವನ್ನು ತೂಗುಹಾಕಿ ಹೊಗೆಯಲ್ಲಿ ಒಣಗಿಸುವ ಪದ್ಧತಿ ಕೊಡಗಿನ ಮನೆಗಳಿಗೆ ಹೊಸದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೂಢಿಯಲ್ಲಿರುವ ಬಾರ್ಬೆಕ್ಯೂ ಇದಕ್ಕಿಂತ ಬೇರೆ. ಅಲ್ಲಿ ಮಾಂಸವನ್ನು ಒಣಗಿಸುವುದಿಲ್ಲ. ಸುಮಾರು 105ರಿಂದ 120° ಸೆಂ. ಬಿಸಿಗಾಳಿಯಲ್ಲಿ ಹತ್ತು ಹನ್ನೆರಡು ಗಂಟೆಗಳ ಕಾಲ ಬೇಯಿಸುತ್ತಾರೆ. ಸೌದೆಯ ಹೊಗೆ ರುಚಿಗಾಗಿ ಮಾತ್ರ.

ಇಷ್ಟು ದೀರ್ಘಕಾಲ ಬೇಯಿಸುವುದಕ್ಕೆ ಕಾರಣವಿದೆ. ಹಂದಿಯ ಭುಜದಂತಹ, ಹೆಚ್ಚು ದುಡಿಯುವ ಭಾಗಗಳ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಇದು ಕರಗಿ ಮೆತ್ತಗಾಗಬೇಕಾದರೆ ಮಾಂಸದ ಒಳಗಿನ ಉಷ್ಣತೆ ನಿಧಾನವಾಗಿ 90° ಸೆಂ. ದಾಟಬೇಕು. ಕೆಂಟಕಿ ರಾಜ್ಯದ ಓವೆನ್ಸ್‌ಬರೊ ಪಟ್ಟಣ ಕುರಿಮಾಂಸದ ಬಾರ್ಬೆಕ್ಯೂಗೆ ಹೆಸರುವಾಸಿ. ಬಲಿತ ಕುರಿಯ ಗಟ್ಟಿ ಮಾಂಸವೂ ಈ ಕ್ರಮದಲ್ಲಿ ಮೃದುವಾಗುತ್ತದೆಂಬುದು ನಮ್ಮ ಕುರಿ ಸಾಕುವವರು ಗಮನಿಸಬೇಕಾದ ಸಂಗತಿ. ಆದರೆ ಹನ್ನೆರಡು ಗಂಟೆಯ ಶ್ರಮವನ್ನು ಕೆಟ್ಟ ಹೊಗೆ ಒಂದೇ ಗಂಟೆಯಲ್ಲಿ ಹಾಳುಮಾಡಬಲ್ಲದು.

ಒಳ್ಳೆಯ ಹೊಗೆ, ಕೆಟ್ಟ ಹೊಗೆ

ಹೊಗೆ ಹೆಚ್ಚಾದಷ್ಟೂ ರುಚಿ ಹೆಚ್ಚು ಎಂದು ಹೊಸಬರು ಭಾವಿಸುತ್ತಾರೆ. ಇದು ತಪ್ಪು. ಸೌದೆಯಲ್ಲಿರುವ ಲಿಗ್ನಿನ್ ಎಂಬ ಪದಾರ್ಥ ಬಿಸಿಗೆ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಸುವಾಸನೆಯ ಸಂಯುಕ್ತಗಳು ಹುಟ್ಟುತ್ತವೆ. ಇವು ಬಹುಮಟ್ಟಿಗೆ ಕಣ್ಣಿಗೆ ಕಾಣದ ಅನಿಲರೂಪದಲ್ಲಿರುತ್ತವೆ. ಗಾಳಿ ಸಾಲದೆ ಸೌದೆ ಉರಿಯದೆ ಬರಿದೆ ಹೊಗೆಯಾಡಿದರೆ, ಅರೆಬೆಂದ ಟಾರಿನ ಹನಿಗಳಿಂದ ಕೂಡಿದ ದಟ್ಟ ಬಿಳಿಹೊಗೆ ಏಳುತ್ತದೆ. ಇದು ಮಾಂಸದ ಮೇಲೆ ಕುಳಿತು ಕಹಿಯಾಗುತ್ತದೆ. ನಾಲಿಗೆ ಜೋಮು ಹಿಡಿದಂತಾಗುತ್ತದೆ. ಅಡುಗೆಮನೆಯ ಅಟ್ಟಕ್ಕೆ ಅಂಟುವ ಜಿಡ್ಡು ಕಿಟ್ಟ ಇದೇ ಜಾತಿಯದು.

ಹೊಗೆಯನ್ನು ಪರೀಕ್ಷಿಸಲು ಉಪಕರಣ ಬೇಡ, ಚಿಮಣಿಯ ಬಾಯಿ ನೋಡಿದರೆ ಸಾಕು. ಕಣಗಳು ಅತಿ ಸೂಕ್ಷ್ಮವಾಗಿದ್ದಾಗ ಹೊಗೆ ತೆಳ್ಳಗೆ, ತುಸು ನೀಲಿಯಾಗಿ ಕಾಣುತ್ತದೆ. ಇದೇ ಬೇಕಾದ ಹೊಗೆ. ಬಿಳಿಯಾಗಿ ದಟ್ಟವಾಗಿದ್ದರೆ ಬೆಂಕಿ ಉಸಿರುಕಟ್ಟಿದೆ ಅಥವಾ ಸೌದೆ ಹಸಿಯಾಗಿದೆ ಎಂದರ್ಥ. ಕಪ್ಪಾಗಿದ್ದರೆ ಮಸಿ ಏಳುತ್ತಿದೆ.

ಬೆಂಕಿಯ ಆರೈಕೆ

ದೊಡ್ಡ ಬೆಂಕಿ ಹಾಕಿ ಗಾಳಿ ಕಟ್ಟುವುದಕ್ಕಿಂತ, ಚಿಕ್ಕ ಬೆಂಕಿಯನ್ನು ಚೆನ್ನಾಗಿ ಉರಿಸುವುದು ಮೇಲು. ಎಲ್ಲ ಜಾಣ್ಮೆಯೂ ಇದರಲ್ಲೇ ಇದೆ. ಉರಿ ಹೆಚ್ಚಾಯಿತೆಂದು ಚಿಮಣಿ ಮುಚ್ಚುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಚಿಮಣಿ ಪೂರ್ತಿ ತೆರೆದೇ ಇರಲಿ. ಗಾಳಿ ಒಳಬರುವ ಕಿಂಡಿಯಿಂದ ಮತ್ತು ಸೌದೆಯ ಗಾತ್ರದಿಂದ ಬಿಸಿಯನ್ನು ಹತೋಟಿಯಲ್ಲಿಡಬೇಕು.

ಮೊದಲು ಕೆಂಡದ ಹಾಸು ಸಿದ್ಧಮಾಡಿಕೊಂಡು, ಬಿಳಿಹೊಗೆ ತಿಳಿಯಾದ ಮೇಲೆಯೇ ಮಾಂಸ ಇಡಬೇಕು. ಅನಂತರ ಮಣಿಕಟ್ಟಿನ ದಪ್ಪದ, ಸುಮಾರು 30 ಸೆಂ.ಮೀ. ಉದ್ದದ ಒಂದೊಂದೇ ಸೀಳನ್ನು ಮುಕ್ಕಾಲು ಗಂಟೆಗೊಮ್ಮೆ ಸೇರಿಸುತ್ತ ಹೋಗಬೇಕು. ಮುಂದಿನ ಸೀಳನ್ನು ಬೆಂಕಿಗೂಡಿನ ಮೇಲಿಟ್ಟು ಬಿಸಿಮಾಡಿಕೊಂಡಿದ್ದರೆ ಹಾಕಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಹೊಗೆಯಾಡುವುದಿಲ್ಲ. ಬೂದಿ ತುಂಬಿದರೆ ಗಾಳಿ ಆಡದು, ನಡುನಡುವೆ ತೆಗೆಯಬೇಕು.

ಚಿಕ್ಕ ಒಲೆಯಿದ್ದವರು ಬಿಸಿಗೆ ಇದ್ದಿಲು ಉರಿಸಿ, ಹೊಗೆಗಾಗಿ ಮುಷ್ಟಿಗಾತ್ರದ ಮೂರು ನಾಲ್ಕು ಸೌದೆ ತುಂಡುಗಳನ್ನು ಬಳಸಿದರೆ ಸಾಕು. ಹೊಗೆ ತಣ್ಣನೆಯ, ತೇವವಿರುವ ಮೇಲ್ಮೈಗೆ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಈ ತುಂಡುಗಳು ಮೊದಲ ಎರಡು ಮೂರು ಗಂಟೆಗಳಲ್ಲಿ ಉರಿಯಲಿ. ಮೇಲ್ಮೈ ಒಣಗಿದ ಮೇಲೆ ಹಾಕಿದ ಸೌದೆಯಿಂದ ಹೆಚ್ಚಿನ ಲಾಭವಿಲ್ಲ. ಒಳಗಿನ ಉಷ್ಣತೆ ಸುಮಾರು 70° ಸೆಂ. ತಲುಪಿದಾಗ ಗಂಟೆಗಟ್ಟಲೆ ಅಲ್ಲೇ ನಿಂತುಬಿಡುವುದುಂಟು. ಬೆವರಿನಿಂದ ಮೈ ತಣ್ಣಗಾಗುವಂತೆ, ಮಾಂಸದ ನೀರು ಆವಿಯಾಗುವುದರಿಂದ ಹೀಗಾಗುತ್ತದೆ. ಗಾಬರಿಯಾಗಿ ಸೌದೆ ತುರುಕಬಾರದು.

ಚಕ್ಕೆಗಳನ್ನು ನೀರಿನಲ್ಲಿ ನೆನೆಸಿ ಹಾಕುವವರಿದ್ದಾರೆ. ನೀರು ಸೌದೆಯ ಒಳಗೆ ಹೆಚ್ಚು ಇಳಿಯುವುದಿಲ್ಲ. ಮೊದಲು ಏಳುವುದು ಹೊಗೆಯಲ್ಲ, ಆವಿ, ಬೆಂಕಿಯೂ ತಣ್ಣಗಾಗುತ್ತದೆ.

ಯಾವ ಸೌದೆ?

ಅಮೆರಿಕದಲ್ಲಿ ಆಯಾ ಸೀಮೆಯಲ್ಲಿ ಬೆಳೆದ ಗಟ್ಟಿಮರವೇ ಆಯಾ ಸೀಮೆಯ ರುಚಿ: ಟೆಕ್ಸಸ್ ರಾಜ್ಯದ ನಡುಭಾಗದಲ್ಲಿ ಓಕ್, ಓವೆನ್ಸ್‌ಬರೊದಲ್ಲಿ ಹಿಕರಿ. ರಾಳವಿರುವ ಪೈನ್ ಜಾತಿಯ ಸೌದೆಯನ್ನು ಬಳಸುವುದಿಲ್ಲ. ನಮ್ಮಲ್ಲಿ ಮಾವು, ಸೀಬೆಯಂತಹ ಹಣ್ಣಿನ ಮರಗಳ ಸೌದೆ ಆಗಬಹುದು. ನೀಲಗಿರಿಯ ಎಣ್ಣೆಯ ವಾಸನೆ ಮಾಂಸಕ್ಕೆ ಹಿಡಿಯುತ್ತದೆ. ಗೋಡಂಬಿ ಸಿಪ್ಪೆಯ ಎಣ್ಣೆ ಚರ್ಮ ಸುಡುವಂತಹದು, ಕಣಗಿಲೆಯಂತೂ ವಿಷ. ಬಣ್ಣ ಬಳಿದ, ಔಷಧಿ ಹೊಡೆದ ಹಲಗೆ ಮತ್ತು ಪ್ಲೈವುಡ್ ತುಂಡುಗಳು ಒಲೆಯ ಹತ್ತಿರವೂ ಸುಳಿಯಬಾರದು.

ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಸೀಳಿ, ಗಾಳಿಯಾಡುವಂತೆ ಒಟ್ಟಿ, ತೇವಾಂಶ ಶೇಕಡ 20ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಬೇಕು. ಒಣಗಿದ ಸೌದೆಯ ತುದಿಯಲ್ಲಿ ಬಿರುಕು ಕಾಣುತ್ತದೆ. ಎರಡು ತುಂಡುಗಳನ್ನು ಬಡಿದರೆ ಠಣ್ ಎಂಬ ಸದ್ದು ಬರುತ್ತದೆ.

ಬಳ್ಳಾರಿ ಜಾಲಿ

ಪಶ್ಚಿಮ ಟೆಕ್ಸಸ್‌ನ ಒಣಭೂಮಿಯಲ್ಲಿ ಸೌದೆಯೆಂದರೆ ಮೆಸ್ಕೀಟ್. ನಮ್ಮ ಬಯಲುಸೀಮೆಯ ಹೊಲ, ಕೆರೆಯಂಗಳಗಳಲ್ಲಿ ಹಬ್ಬಿರುವ ಬಳ್ಳಾರಿ ಜಾಲಿ ಇದರ ಹತ್ತಿರದ ಸಂಬಂಧಿ; ಎರಡೂ ಪ್ರೊಸೋಪಿಸ್ ಎಂದೇ ಪರಿಚಿತ. ಮೆಸ್ಕೀಟ್ ಬಹಳ ಬಿಸಿಯಾಗಿ ಉರಿಯುತ್ತದೆ, ಅದರ ಹೊಗೆ ಖಾರ. ದೀರ್ಘ ಅಡುಗೆಯಲ್ಲಿ ಇದನ್ನೊಂದನ್ನೇ ಹಸಿಹಸಿಯಾಗಿ ಉರಿಸಿದರೆ ಮಾಂಸ ಕಹಿಯಾಗುತ್ತದೆ. ಅಲ್ಲಿನವರು ಇದಕ್ಕೆ ಕಂಡುಕೊಂಡ ಉಪಾಯ ಸರಳ: ಬೇರೊಂದು ಗುಂಡಿಯಲ್ಲಿ ಸೌದೆಯನ್ನು ಪೂರ್ತಿ ಉರಿಸಿ, ಕೆಂಡವಾದ ಮೇಲೆ ಸಲಿಕೆಯಿಂದ ಎತ್ತಿ ಮಾಂಸದ ಕೆಳಗೆ ಹರಡುತ್ತಾರೆ. ಜಾಲಿಯ ಇದ್ದಿಲು ನಮ್ಮಲ್ಲಿಯೂ ಸುಡುತ್ತಾರಾದ್ದರಿಂದ, ಬಿಸಿಗೆ ಜಾಲಿಯ ಇದ್ದಿಲು, ರುಚಿಗೆ ಮಾವಿನ ಒಂದೆರಡು ತುಂಡು ಎಂಬ ಹೊಂದಾಣಿಕೆ ಸೂಕ್ತ. ಕಳೆಯಾಗಿ ಕಡಿದು ಹಾಕಿದ ಮರಕ್ಕೂ ಇದರಿಂದ ಬೆಲೆ ಬಂದೀತು.

ಆರೋಗ್ಯದ ದೃಷ್ಟಿಯಿಂದ

ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿದಾಗ ಮತ್ತು ಸೌದೆ ಅರೆಬರೆ ಉರಿದಾಗ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕ ಹುಟ್ಟುತ್ತದೆ. ಹೊಗೆಯಾಡಿಸಿದ ಮಾಂಸದಲ್ಲಿ ಇದು ಕಿಲೋಗ್ರಾಂಗೆ 2 ಮೈಕ್ರೋಗ್ರಾಂ ಮೀರಬಾರದೆಂದು ಐರೋಪ್ಯ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ ಮಿತಿ ಹಾಕಿದೆ. ಬೆಂಕಿಗೂಡು ಮಾಂಸದ ಪಕ್ಕದಲ್ಲಿದ್ದು, ಹೊಗೆ ತೆಳುವಾಗಿದ್ದರೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಇಂತಹ ಮಾಂಸ ದಿನನಿತ್ಯದ ಊಟಕ್ಕಲ್ಲ.

ಮಾರಾಟ ಮಾಡುವವರು ಇನ್ನೊಂದು ಅಂಶ ಗಮನಿಸಬೇಕು. ಹೊಗೆ ಹಿಡಿದಿದೆ ಎಂಬ ಮಾತ್ರಕ್ಕೆ ಈ ಮಾಂಸ ಕೆಡದೆ ಉಳಿಯುವುದಿಲ್ಲ. ಒಲೆಯಿಂದಿಳಿಸಿದ ಮೇಲೆ 60° ಸೆಂ.ಗಿಂತ ಬಿಸಿಯಾಗಿಟ್ಟು ಬಡಿಸಬೇಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಚಿಕ್ಕ ಭಾಗಗಳಾಗಿ ಮಾಡಿ ಶೀತಕಪಾಟಿನಲ್ಲಿಡಬೇಕು.