ಶಾಖ ಕೊಡುವ ಮುನ್ನ

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿದೆಯೇ? ಹಳೆಯ ಮಂಡಿನೋವು ಚಳಿಗೆ ಮರುಕಳಿಸಿದೆಯೇ? ಇಂತಹ ನೋವಿಗೆ ಶಾಖ ಒಳ್ಳೆಯ ಉಪಾಯ. ಶಾಖ ತಗುಲಿದ ಕಡೆ ರಕ್ತನಾಳಗಳು ಹಿಗ್ಗಿ ರಕ್ತಸಂಚಾರ ಹೆಚ್ಚುತ್ತದೆ. ಬಿಗಿದುಕೊಂಡ ಸ್ನಾಯುಗಳು ಸಡಿಲಗೊಳ್ಳುತ್ತವೆ. ಸವೆದ ಕೀಲನ್ನು ಅದು ಸರಿಪಡಿಸದು. ನೋವನ್ನು ತಗ್ಗಿಸುತ್ತದೆ, ಅಷ್ಟೆ.

ರಬ್ಬರ್ ಚೀಲಕ್ಕೆ ಕುದಿಯುವ ನೀರು ಬೇಡ. ಬಿಸಿನೀರನ್ನು ಮೂರನೇ ಎರಡು ಭಾಗದಷ್ಟು ತುಂಬಿ, ಗಾಳಿ ಹೊರಡಿಸಿ, ಮುಚ್ಚಳ ಬಿಗಿದು, ಟವೆಲ್ ಸುತ್ತಿ 15ರಿಂದ 20 ನಿಮಿಷ ಇಡಿ. ಚೀಲದ ಮೇಲೆ ಮಲಗಬೇಡಿ. ಅಜ್ಜಿಯರ ಹುರಿದ ಉಪ್ಪಿನ ಗಂಟೂ ಇದೇ ಕೆಲಸ ಮಾಡುತ್ತದೆ. ಆದರೆ ಬಾಣಲೆಯಿಂದ ಇಳಿಸಿದೊಡನೆ ಒತ್ತಿದರೆ ಬೊಬ್ಬೆ ಎದ್ದೀತು. ಶಾಖದ ನಂತರ ಕೀಲನ್ನು ನಿಧಾನವಾಗಿ ಮಡಚಿ, ಚಾಚಿ. ಆಗ ಬಿಗಿತ ಸುಲಭವಾಗಿ ಬಿಡುತ್ತದೆ.

ಕಾಲು ಉಳುಕಿ ಈಗಷ್ಟೇ ಬಾವು ಬಂದಿದ್ದರೆ ಮೊದಲ 48 ಗಂಟೆ ಶಾಖ ಕೂಡದು, ಬಾವು ಹೆಚ್ಚುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಕೀಲು ಕೆಂಪಾಗಿ ಊದಿಕೊಂಡು ಜ್ವರವೂ ಇದ್ದರೆ ಮನೆಮದ್ದು ಬಿಟ್ಟು ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಎಲ್ಲರಿಗಿಂತ ಹೆಚ್ಚು ಎಚ್ಚರ ವಹಿಸಬೇಕಾದವರು ಸಕ್ಕರೆ ಕಾಯಿಲೆಯವರು. ವರ್ಷಗಟ್ಟಲೆ ಕಾಯಿಲೆ ಇರುವವರ ಪಾದಗಳಲ್ಲಿ ಸ್ಪರ್ಶಜ್ಞಾನವೇ ಕುಂದಿರಬಹುದು. ಚರ್ಮ ಸುಡುತ್ತಿದ್ದರೂ ‘ಹಿತವಾಗಿದೆ’ ಎನ್ನುತ್ತಾರೆ. ಮರುದಿನ ಕಾಣುವ ಬೊಬ್ಬೆ ಮಾಯದ ಹುಣ್ಣಾಗಿ, ಕೊಳೆತು, ಕೊನೆಗೆ ಬೆರಳನ್ನೇ ಕತ್ತರಿಸಬೇಕಾಗಿ ಬಂದೀತು. ಅಂಥವರ ಪಾದಗಳಿಗೆ ಶಾಖ ಬೇಡವೇ ಬೇಡ. ಸೊಂಟಕ್ಕೋ ಭುಜಕ್ಕೋ ಕೊಡುವಾಗಲೂ ಬಿಸಿ ಎಷ್ಟಿದೆಯೆಂದು ಮನೆಯವರೊಬ್ಬರು ಮೊದಲು ತಮ್ಮ ಮೊಣಕೈಗೆ ತಾಗಿಸಿ ನೋಡಲಿ. ಐದು ನಿಮಿಷಕ್ಕೊಮ್ಮೆ ಚೀಲ ಎತ್ತಿ ಚರ್ಮದ ಬಣ್ಣವನ್ನೂ ಗಮನಿಸಲಿ.